ಸಂತೆಯ ದಿನ ಬಾಗಿಲು ತೆರೆದಿರಲಿ

(ತಾಲ್ಲೂಕು ಮಹಿಳಾ ಒಕ್ಕೂಟಗಳ ಪದಾಧಿಕಾರಿಗಳಿಗಾಗಿ ನಡೆದ ಒಂದು ದಿನದ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ನಿಮ್ಮಲ್ಲಿ ಬಹಳ ಜನ ಬೆಳಗಿನ ಮೊದಲ ಬಸ್ಸಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಿದ್ದೀರಿ. ಹಲಗೆಯ ಮೇಲೆ ನೋಡಿದರೆ ‘ಮಹಿಳಾ ಸಂಸ್ಥೆಗಳ ಬಲವರ್ಧನೆ’ ಎಂದು ದೊಡ್ಡದಾಗಿ ಬರೆದಿದ್ದಾರೆ. ಇಂಥ ಮಾತು ಕೇಳಿದರೆ ನನಗೇ ಆಕಳಿಕೆ ಬರುತ್ತದೆ, ಇನ್ನು ಐದು ಗಂಟೆಗೆ ಎದ್ದು ಬಂದ ನಿಮಗೆ ಹೇಗಾಗಬೇಡ! ಅದಕ್ಕೇ ಆ ಪದವನ್ನು ಬದಿಗಿಟ್ಟು, ನಾನು ಕಂಡದ್ದನ್ನೂ ನಾನು ಮಾಡಿದ ಒಂದು ತಪ್ಪನ್ನೂ ನಿಮ್ಮ ಮುಂದೆ ಇಡುತ್ತೇನೆ.

ನಾನು ವೇದಿಕೆಯ ಮೇಲೆ ನಿಂತು ಘೋಷಣೆ ಕೂಗಿದವಳಲ್ಲ. ಇಪ್ಪತ್ತೆರಡು ವರ್ಷ ಒಂದು ಸಹಕಾರಿ ಸಂಘದಲ್ಲಿ ಕೂತು ಲೆಕ್ಕ ಬರೆದವಳು. ಕೆಲಸ ಬಿಟ್ಟ ಮೇಲೆ ಪರಿಚಯದ ಒಂದೆರಡು ಮಹಿಳಾ ಸಂಸ್ಥೆಗಳು ಲೆಕ್ಕಪತ್ರ ಸರಿಮಾಡಿ ಕೊಡಿ ಎಂದು ಕರೆದವು. ಲೆಕ್ಕ ನೋಡಲು ಹೋದವಳಿಗೆ ಸಂಸ್ಥೆಯ ಒಳಗೂ ಹೊರಗೂ ಕಾಣತೊಡಗಿತು. ಆಮೇಲೆ ಮುಂದಿನ ಮೂರು ವರ್ಷಕ್ಕೆ ಏನು ಮಾಡಬೇಕು, ಹಣ ಎಲ್ಲಿಂದ ತರಬೇಕು, ಯಾರು ಯಾವ ಕೆಲಸ ಹಿಡಿಯಬೇಕು ಎಂದು ಕೇಳಲು ಶುರುಮಾಡಿದರು. ಹೀಗೆ ನಾನು ‘ಸಲಹೆಗಾರ್ತಿ’ ಆದೆ. ಒಮ್ಮೆ ಒಂದು ಹಳ್ಳಿಯಲ್ಲಿ ಸಂಘದ ಅಜ್ಜಿಯೊಬ್ಬಳು, “ಸಲಹಾ ಅಂದ್ರ ಏನ್ರೀ ಬಾಯಾರ, ಅದನ್ನ ಕಿಲೋ ಲೆಕ್ಕದಾಗ ಮಾರ್ತೀರೋ ಸೇರಿನ ಲೆಕ್ಕದಾಗ ಮಾರ್ತೀರೋ?” ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆಕೆ ಕೇಳಿದ್ದು ಸರಿಯಾದ ಪ್ರಶ್ನೆಯೇ. ನನ್ನ ಸಲಹೆಯ ತೂಕ ಎಷ್ಟು ಎಂದು ನನಗೆ ತಿಳಿಯಲು ಆಮೇಲೆ ಒಬ್ಬ ಹೆಣ್ಣುಮಗಳ ಕೈ ಮುರಿಯಬೇಕಾಯಿತು.

ವರದಕ್ಷಿಣೆ, ಹೊಡೆತ ಬಡಿತದ ವಿರುದ್ಧ ಕೆಲಸ ಮಾಡುವ ನಮಗೆ ಈ ಲೆಕ್ಕ, ಠರಾವು, ಯೋಜನೆಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅದು ಗುಮಾಸ್ತರ ಕೆಲಸ, ನಮ್ಮದು ನ್ಯಾಯದ ಕೆಲಸ ಎಂದು ನಮ್ಮ ಚಳವಳಿಯಲ್ಲೇ ಬಹಳ ಕಾಲ ಭಾವಿಸಿದ್ದೆವು. ಆದರೆ ಹೊಡೆಸಿಕೊಂಡ ಹೆಣ್ಣು ಬಾಗಿಲು ತಟ್ಟಿದಾಗ ತೆರೆಯುವುದಕ್ಕೆ ಒಳಗೆ ಒಬ್ಬರು ಇರಬೇಕು. ಆ ಒಬ್ಬರಿಗೆ ಗೌರವಧನ ಸಿಗಬೇಕು, ಕೋಣೆಗೆ ಬಾಡಿಗೆ ಕಟ್ಟಿರಬೇಕು. ಹಿಂದಿನ ಸಲ ಬಂದಾಗ ಆಕೆ ಏನು ಹೇಳಿದಳೆಂಬುದು ಪುಸ್ತಕದಲ್ಲಿ ಇರಬೇಕು. ಸಂಸ್ಥೆ ನಡೆಸುವುದೆಂದರೆ ಇದೇ.

ನಿಮಗೆ ಪಂಚಸೂತ್ರ ಗೊತ್ತು. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿದಾಗ, ಅಡವು ಇಲ್ಲದ ಬಡ ಹೆಂಗಸರಿಗೆ ಸಾಲವೇ ಎಂದು ಮೂಗು ಮುರಿದವರು ಬಹಳ. ಆ ಬ್ಯಾಂಕಿನವರನ್ನು ಒಪ್ಪಿಸಿದ್ದು ನಿಮ್ಮ ಪುಸ್ತಕಗಳು. ಹತ್ತು ರೂಪಾಯಿಯ ಉಳಿತಾಯಕ್ಕೆ ಅಷ್ಟು ಜತನದಿಂದ ಬರೆಯುವ ನಾವು, ಒಬ್ಬಳ ಮೈಮೇಲಿನ ಬಾಸುಂಡೆಯ ಲೆಕ್ಕವನ್ನು ಮಾತ್ರ ಬಾಯಿಮಾತಿನಲ್ಲೇ ಇಟ್ಟುಕೊಂಡಿರುತ್ತೇವೆ.

ಈಗ ಹಣದ ಕಥೆಗೆ ಬರುತ್ತೇನೆ. ನಮ್ಮ ಸಂಸ್ಥೆಗಳು ಬಡವಾಗುವುದು ಒಳಗಿನ ಜಗಳದಿಂದ ಮಾತ್ರವಲ್ಲ. ಹಣ ಬರುವ ದಾರಿ ಆಗಾಗ ಬದಲಾಗುತ್ತದೆ, ನಮಗೆ ಅದು ತಿಳಿಯುವುದು ಕೊನೆಗೆ. ಮಹಿಳಾ ಸಮಖ್ಯಾ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿ 1989ರಲ್ಲಿ ಶುರುವಾಯಿತು. ಎಷ್ಟೋ ಊರುಗಳಲ್ಲಿ ಹೆಂಗಸರು ತಮ್ಮದೇ ಸಂಘದ ಮನೆ ಕಟ್ಟಿಕೊಂಡರು, ಕೆಲವು ಕಡೆ ನಾರಿ ಅದಾಲತ್ ನಡೆಸಿದರು. 2016ರ ಹೊತ್ತಿಗೆ ಕೇಂದ್ರ ಸರ್ಕಾರದ ಹಣ ನಿಂತಿತು. ನಾನು ನೋಡಿದ ಊರುಗಳ ಮಟ್ಟಿಗೆ ಹೇಳುವುದಾದರೆ, ಯಾವ ಸಂಘದವರು ಮನೆಯ ಕಾಗದವನ್ನು ತಮ್ಮ ಸಂಘದ ಹೆಸರಿಗೆ ಮಾಡಿಸಿಕೊಂಡು, ತಮ್ಮ ಒಕ್ಕೂಟವನ್ನು ನೋಂದಾಯಿಸಿಕೊಂಡಿದ್ದರೋ ಅಲ್ಲಿ ಇನ್ನೂ ಚಾಪೆ ಹಾಸುತ್ತಾರೆ. ಎಲ್ಲವನ್ನೂ ಕಾರ್ಯಕ್ರಮದ ಸಿಬ್ಬಂದಿಗೇ ಬಿಟ್ಟಿದ್ದ ಕಡೆ ಸಂಘದ ಮನೆಯಲ್ಲಿ ಈಗ ಯಾರದೋ ಮೇವಿನ ಹೊರೆ ಇದೆ.

ಇನ್ನು ವಿದೇಶಿ ದೇಣಿಗೆ. ದೊಡ್ಡ ಸಂಸ್ಥೆಯೊಂದು ಹೊರಗಿನ ಹಣ ಪಡೆದು ಅದರಲ್ಲಿ ಒಂದು ಪಾಲನ್ನು ತಾಲ್ಲೂಕಿನ ಸಣ್ಣ ಸಂಸ್ಥೆಗೆ ಕೊಡುವ ಪದ್ಧತಿ ಬಹಳ ವರ್ಷ ಇತ್ತು. 2020ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಹಾಗೆ ಇನ್ನೊಬ್ಬರಿಗೆ ಕೊಡುವುದು ನಿಂತಿತು, ಆಡಳಿತದ ಖರ್ಚಿನ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಬೇರೆ ದಿನಕ್ಕಿರಲಿ. ಸಣ್ಣ ಸಂಸ್ಥೆಯ ಆಪ್ತ ಸಮಾಲೋಚಕಿಗೆ ಅದರ ಅರ್ಥ ಒಂದೇ: ಮುಂದಿನ ತಿಂಗಳಿಂದ ಬರಬೇಡಿ.

ಮೂರನೆಯದು ಕಂಪನಿಗಳ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ, 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಒಳ್ಳೆಯದೇ. ಆದರೆ ಎಣಿಸಲು ಬರುವ ಕೆಲಸ ಕಂಪನಿಯವರಿಗೆ ಇಷ್ಟ. ಹೊಲಿಗೆ ಯಂತ್ರ ಎಣಿಸಬಹುದು, ಶೌಚಾಲಯ ಎಣಿಸಬಹುದು, ಫೋಟೋ ತೆಗೆಯಬಹುದು. ಸೀಮೆಎಣ್ಣೆ ಸುರಿಯಲು ಬಂದವನ ಕೈಯಿಂದ ಒಬ್ಬಳು ತಪ್ಪಿಸಿಕೊಂಡು ಬಂದು ನಮ್ಮ ಕೋಣೆಯಲ್ಲಿ ಕೂತು ನೀರು ಕುಡಿದದ್ದನ್ನು ಯಾವ ಫೋಟೋದಲ್ಲಿ ತೋರಿಸುತ್ತೀರಿ? ತೋರಿಸಲೂಬಾರದು.

ನನ್ನ ತಪ್ಪು ಆದದ್ದು ಇಂಥ ಹಣದ ವಿಷಯದಲ್ಲೇ.

ಉತ್ತರ ಕರ್ನಾಟಕದ ಒಂದು ತಾಲ್ಲೂಕು. ಹೆಸರು ಬೇಡ. ನೂರ ನಲವತ್ತು ಸಂಘಗಳು ಸೇರಿ ಕಟ್ಟಿಕೊಂಡ ಸಂಸ್ಥೆ. ಬಸ್ ನಿಲ್ದಾಣದ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದು, ಹನ್ನೆರಡು ವರ್ಷಗಳಿಂದ ಪ್ರತಿ ಗುರುವಾರ ನೊಂದ ಹೆಣ್ಣುಮಕ್ಕಳ ಅಹವಾಲು ಕೇಳುತ್ತಿದ್ದರು. ಇಬ್ಬರು ಕಾರ್ಯಕರ್ತೆಯರು, ಒಂದು ಮೇಜು, ಒಂದು ದಾಖಲೆ ಪುಸ್ತಕ. ಅವರಿಗೆ ಬರುತ್ತಿದ್ದ ಹಣ 2015ರಲ್ಲಿ ಮುಗಿಯಿತು. ನನ್ನನ್ನು ಕರೆದರು. ನಾನು ಆಗಷ್ಟೇ ಒಂದು ತರಬೇತಿ ಮುಗಿಸಿ ಬಂದಿದ್ದೆ. ಸಂಸ್ಥೆಯ ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಂದು ನಾಲ್ಕು ಚೌಕ ಬರೆದು ಗೋಡೆಗೆ ಅಂಟಿಸಿದೆ. ಎರಡು ದಿನದಲ್ಲಿ ನಾಲ್ಕೂ ಚೌಕ ತುಂಬಿದವು. ಕಂಪನಿಯೊಂದು ಹೊಲಿಗೆ ತರಬೇತಿಗೆ ಹಣ ಕೊಡಲು ಸಿದ್ಧವಿತ್ತು, ಅದನ್ನು ‘ಅವಕಾಶ’ದಲ್ಲಿ ಬರೆದೆವು. ವಾರದ ಐದು ದಿನ ತರಬೇತಿ, ಆ ಇಬ್ಬರು ಕಾರ್ಯಕರ್ತೆಯರೇ ಮೇಲ್ವಿಚಾರಕಿಯರು. ಹಾಗಾದರೆ ಗುರುವಾರದ ಸಮಾಲೋಚನೆ? ಅದನ್ನು ಎರಡನೆಯ ಮತ್ತು ನಾಲ್ಕನೆಯ ಶನಿವಾರಕ್ಕೆ ಹಾಕಿದರಾಯಿತು ಎಂದೆ. ಗುರುವಾರ ಸಂತೆಯ ಗದ್ದಲ ಬೇರೆ, ಶನಿವಾರ ಶಾಂತವಾಗಿರುತ್ತದೆ ಎಂದು ಕಾರಣವನ್ನೂ ಕೊಟ್ಟೆ.

ಹಿರಿಯ ಸದಸ್ಯೆಯೊಬ್ಬರು ಮೂಲೆಯಲ್ಲಿ ಕೂತಿದ್ದರು. “ಸಂತಿ ದಿನ ಬ್ಯಾಡ ಅಂದ್ರ ಹೆಂಗ್ರೀ ಅಕ್ಕಾರ?” ಎಂದರು, ಅಷ್ಟೇ. ನಾನು ಗೋಡೆಯ ಮೇಲಿನ ಚೌಕ ತೋರಿಸಿ ಮತ್ತೆ ವಿವರಿಸಿದೆ. ಅವರು ಸುಮ್ಮನಾದರು. ಅವರು ಒಪ್ಪಿದರು ಎಂದುಕೊಂಡೆ. ಗೆಳತಿಯರೇ, ಓದಿದವರ ಮುಂದೆ ನಮ್ಮ ಹೆಂಗಸರು ಸುಮ್ಮನಾಗುವುದಕ್ಕೂ ಒಪ್ಪುವುದಕ್ಕೂ ಎಷ್ಟು ಅಂತರವಿದೆ ಎಂದು ನನಗೆ ಗೊತ್ತಿರಬೇಕಿತ್ತು. ಗಂಡನ ಮುಂದೆ ಸುಮ್ಮನಿರುವ ಹೆಣ್ಣನ್ನು ಒಪ್ಪಿದವಳೆಂದು ನಾವು ಎಂದೂ ಬರೆದುಕೊಳ್ಳುವುದಿಲ್ಲವಲ್ಲ. ಹದಿನಾರು ಪುಟದ ವರದಿಯನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟು ಬಂದೆ. ಸಂಭಾವನೆಯನ್ನೂ ತೆಗೆದುಕೊಂಡೆ.

ಮರುವರ್ಷ ಲೆಕ್ಕ ನೋಡಲು ಹೋದೆ. ಲೆಕ್ಕ ಬಹಳ ಚೊಕ್ಕವಾಗಿತ್ತು. ವೋಚರ್‌ಗಳಿಗೆ ಅಂಕಿ, ಕ್ಯಾಶ್ ಬುಕ್ಕಿಗೂ ಬ್ಯಾಂಕಿನ ಪಾಸ್‌ಬುಕ್ಕಿಗೂ ತಾಳೆ, ಹೊಸ ಕಪಾಟು. ಪ್ರಕರಣಗಳ ಪುಸ್ತಕ ತೆಗೆದೆ. ಮೊದಲು ತಿಂಗಳಿಗೆ ಒಂಬತ್ತು ಹತ್ತು ಇರುತ್ತಿದ್ದದ್ದು ಈಗ ಒಂದು, ಎರಡು. ನಾಚಿಕೆ ಬಿಟ್ಟು ಹೇಳುತ್ತೇನೆ, ‘ತಾಲ್ಲೂಕಿನಲ್ಲಿ ದೌರ್ಜನ್ಯ ಪ್ರಕರಣಗಳು ಇಳಿಮುಖ’ ಎಂದು ಟಿಪ್ಪಣಿ ಬರೆಯಲು ನನ್ನ ಪೆನ್ನು ಕಾಗದದ ಮೇಲಿತ್ತು. ಅಷ್ಟರಲ್ಲಿ ಒಂದು ಪುಟ ಕಣ್ಣಿಗೆ ಬಿತ್ತು. ಇಪ್ಪತ್ಮೂರು ವರ್ಷದವಳು, ಮದುವೆಯಾಗಿ ಎರಡು ವರ್ಷ. ಗಾಡಿಯ ಕಂತು ಕಟ್ಟಲು ತವರಿನಿಂದ ಹಣ ತಾ ಎಂದು ಗಂಡ, ಅತ್ತೆ. ಎಡಗೈ ಮುರಿದು ಪ್ಲಾಸ್ಟರ್. ಅದರ ಕೆಳಗೆ ಕಾರ್ಯಕರ್ತೆ ಆಕೆಯ ಮಾತನ್ನೇ ಬರೆದಿದ್ದಳು: ‘ಮೊದಲು ಎರಡು ಸಂತಿ ಬಂದಿದ್ದೆ. ಕೀಲಿ ಹಾಕಿತ್ತು. ಬ್ಯಾರೆ ದಿನ ಮನಿಯಿಂದ ಬಿಡೂದಿಲ್ಲ.’

ಬೀಗ ಏಕೆ ಎಂದು ಕೇಳಿದೆ. ತರಬೇತಿಗೆ ಯಂತ್ರಗಳನ್ನು ಇಡಲು ಜಾಗ ಸಾಲದೆ ಊರಾಚೆ ಒಂದು ಸಭಾಂಗಣ ಹಿಡಿದಿದ್ದರು. ಬಸ್ ನಿಲ್ದಾಣದ ಹಿಂದಿನ ಕೋಣೆ ಗುರುವಾರ ಮುಚ್ಚಿರುತ್ತಿತ್ತು.

ಆಗ ನನಗೆ ಸಂತೆಯ ಅರ್ಥ ಆಯಿತು. ಮನೆಯಲ್ಲಿ ಕೂಡಿಹಾಕಿದಂತೆ ಇಟ್ಟುಕೊಂಡ ಸೊಸೆಯನ್ನೂ ವಾರಕ್ಕೊಮ್ಮೆ ಕಾಯಿಪಲ್ಲೆ ತರಲು ಕಳಿಸುತ್ತಾರೆ. ಎಲ್ಲಿಗೆ ಹೊರಟೆ ಎಂದು ಯಾರೂ ಕೇಳದ ದಿನ ಅದೊಂದೇ. ಚೀಲ ಹಿಡಿದು ಬಂದವಳು ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಹಿಂದಿನ ಬೀದಿಗೆ ತಿರುಗಿ, ಹತ್ತು ನಿಮಿಷ ನಮ್ಮ ಕೋಣೆಯಲ್ಲಿ ಕೂತು, ಉಳ್ಳಾಗಡ್ಡಿ ಮೆಣಸಿನಕಾಯಿ ತುಂಬಿಕೊಂಡು ಮರಳಬಹುದು. ಸಂಸ್ಥೆ ಕಟ್ಟಿದ ಹೆಂಗಸರು ಹನ್ನೆರಡು ವರ್ಷದ ಹಿಂದೆಯೇ ಇದನ್ನೆಲ್ಲ ಯೋಚಿಸಿ ಗುರುವಾರವನ್ನು ಆರಿಸಿದ್ದರು. ಆ ಸಂಸ್ಥೆಯ ದೊಡ್ಡ ಬಲ ಅದೇ ಆಗಿತ್ತು. ನನ್ನ ಬಲದ ಚೌಕದಲ್ಲಿ ಅದು ಇರಲಿಲ್ಲ. ಗುರುವಾರ ಏಕೆ ಎಂದು ನಾನು ಕೇಳಿಯೇ ಇರಲಿಲ್ಲ.

ಆ ಹುಡುಗಿ ಬದುಕಿದ್ದಾಳೆ. ತವರಿನ ಊರಲ್ಲಿ ಅಂಗನವಾಡಿ ಸಹಾಯಕಿಯಾಗಿದ್ದಾಳೆ. ಎಡಗೈ ಇಂದಿಗೂ ತಲೆಯ ಮಟ್ಟಕ್ಕೆ ಏಳುವುದಿಲ್ಲ, ಜಡೆ ಹಾಕಿಕೊಳ್ಳಲು ತಾಯಿಯೇ ಬೇಕು. ಆಕೆಯ ಒಪ್ಪಿಗೆ ಕೇಳಿಯೇ ಈ ಮಾತು ಹೇಳುತ್ತಿದ್ದೇನೆ. ‘ಹೇಳ್ರಿ, ಆದರ ಊರು ಹೇಳಬ್ಯಾಡ್ರಿ’ ಎಂದಳು.

ಹೊಲಿಗೆ ತರಬೇತಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದರಿಂದ ಎಷ್ಟೋ ಜನ ನಾಲ್ಕು ಕಾಸು ಕಂಡರು. ತಪ್ಪಾದದ್ದು, ಹೊಸ ಕೆಲಸಕ್ಕೆ ಹಳೆಯ ಕೆಲಸದ ಜನರನ್ನೂ ದಿನವನ್ನೂ ಕಿತ್ತು ಕೊಟ್ಟದ್ದು. ಹಣ ಯಾವ ಕಡೆಗೆ ಹರಿಯುತ್ತದೋ ಸಂಸ್ಥೆ ಆ ಕಡೆ ವಾಲುತ್ತದೆ. ವಾಲುವುದು ಯಾರಿಗೂ ಗೊತ್ತೇ ಆಗುವುದಿಲ್ಲ, ಏಕೆಂದರೆ ಆಡಿಟ್ ವರದಿ ಚೆನ್ನಾಗಿರುತ್ತದೆ.

ಎರಡನೆಯ ಸಲ ನಾನು ಚೌಕ ತೆಗೆದುಕೊಂಡು ಹೋಗಲಿಲ್ಲ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಆ ಹಿರಿಯಾಕೆಯೇ ಒಂದು ವಾರದ ಏಳು ಮನೆ ಬರೆದರು. ಯಾವ ದಿನ ಯಾರು ಬರುತ್ತಾರೆ, ಯಾವ ಊರಿನ ಬಸ್ಸು ಎಷ್ಟು ಗಂಟೆಗೆ, ಯಾವ ದಿನ ಗಂಡಸರು ಕುಡಿದು ಬರುತ್ತಾರೆ (ಕೂಲಿ ಬಟವಾಡೆಯ ದಿನ), ಯಾವ ದಿನ ಠಾಣೆಯಲ್ಲಿ ಮಹಿಳಾ ಪೊಲೀಸ್ ಇರುತ್ತಾರೆ, ಎಲ್ಲ ಹೊರಗೆ ಬಂತು. ನಾನು ಬರೆದುಕೊಂಡೆ, ಬಾಯಿ ಬಿಡಲಿಲ್ಲ. ಸಲಹೆಗಾರರಿಗೆ ಇದು ಕಷ್ಟದ ಕೆಲಸ.

ಆಮೇಲೆ ಲೆಕ್ಕಕ್ಕೆ ಕೂತೆವು. ಉಳಿದದ್ದೆಲ್ಲ ನಿಂತರೂ ಗುರುವಾರದ ಬಾಗಿಲು ತೆರೆದಿರಲು ತಿಂಗಳಿಗೆ ಏನು ಬೇಕು? ಇಬ್ಬರಿಗೆ ತಲಾ 6,000, ಅಂದರೆ 12,000. ಬಾಡಿಗೆ 2,000. ಕರೆಂಟು, ಫೋನು 700. ಠಾಣೆ, ಆಸ್ಪತ್ರೆ, ಕೋರ್ಟಿಗೆ ಓಡಾಟ 2,500. ಕಾಗದ, ಚಹಾ 300. ಒಟ್ಟು 17,500. ವರ್ಷಕ್ಕೆ 2,10,000 ರೂಪಾಯಿ. ಲಕ್ಷಗಟ್ಟಲೆ ಯೋಜನೆಗಳ ಮಾತಾಡುತ್ತಿದ್ದ ನಮಗೆ ಈ ಅಂಕಿ ನೋಡಿ ಆಶ್ಚರ್ಯವಾಯಿತು. ಇಷ್ಟೇನಾ? ಇಷ್ಟಕ್ಕಾಗಿ ಬೀಗ ಹಾಕಿದೆವಾ?

ನೂರ ನಲವತ್ತು ಸಂಘಗಳು ತಿಂಗಳಿಗೆ 30 ರೂಪಾಯಿ ಕೊಟ್ಟರೆ 4,200. ಒಂದು ಸಂಘದಲ್ಲಿ ಹದಿನೈದು ಜನ ಎಂದುಕೊಂಡರೆ ಒಬ್ಬಳಿಗೆ ಎರಡು ರೂಪಾಯಿ. ಆ ಹಣದಲ್ಲಿ ಬಾಡಿಗೆ, ಕರೆಂಟು, ಫೋನು, ಕಾಗದ, ಚಹಾ ಕಳೆದು 1,200 ಉಳಿಯುತ್ತಿತ್ತು. ಅಂದರೆ ಯಾವ ದಾನಿಯೂ ಇಲ್ಲದಿದ್ದರೂ ಕೋಣೆ ನಮ್ಮದು, ದೀಪ ನಮ್ಮದು, ಪುಸ್ತಕ ನಮ್ಮದು. ಗೌರವಧನಕ್ಕೆ ಮಾತ್ರ ಹೊರಗೆ ಕೈಚಾಚಬೇಕು. ಅದಕ್ಕೂ ಒಂದು ಠರಾವು ಮಾಡಿದರು: ಮುಂದೆ ಯಾರೇ ಯಾವ ಯೋಜನೆ ಕೊಟ್ಟರೂ ಗುರುವಾರ ಆ ಇಬ್ಬರನ್ನು ಮುಟ್ಟಬಾರದು, ಯೋಜನೆಗೆ ಬೇರೆ ಜನರನ್ನು ನೇಮಿಸಿಕೊಳ್ಳಲು ಹಣ ಕೊಡಬೇಕು, ಕೊಡದಿದ್ದರೆ ಯೋಜನೆ ಬೇಡ. ಆ ಕಂಪನಿಯವರ ಮುಂದೆ ಠರಾವು ಓದಿದರು. ನಾನು ಹೆದರಿದ್ದೆ. ಅವರು ಒಬ್ಬ ಮೇಲ್ವಿಚಾರಕಿಯ ಸಂಬಳ ಸೇರಿಸಿಕೊಟ್ಟರು. ಕೇಳಿದ್ದರೆ ಮೊದಲ ವರ್ಷವೇ ಕೊಡುತ್ತಿದ್ದರೇನೋ.

ಈಗ ಪುಸ್ತಕದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1990ರ ದಶಕದಲ್ಲಿ ಬೆಂಗಳೂರಿನಲ್ಲಿ ‘ಸ್ಟವ್ ಸಿಡಿದು ಸಾವು’, ‘ಅಡುಗೆ ಮನೆ ಅಪಘಾತ’ ಎಂದು ಕಡತ ಮುಚ್ಚಿಹೋಗುತ್ತಿದ್ದ ಎಳೆಯ ಹೆಣ್ಣುಮಕ್ಕಳ ಸಾವುಗಳನ್ನು ವಿಮೋಚನಾ ಸಂಘಟನೆಯ ಹೆಂಗಸರು ಒಂದೊಂದಾಗಿ ಹುಡುಕಿ, ಬರೆದಿಟ್ಟು, ಲೆಕ್ಕ ಕೇಳಿದರು. ಬರೆದಿಟ್ಟದ್ದಕ್ಕೇ ಅವು ಬಿಡಿಬಿಡಿ ಅಪಘಾತಗಳಲ್ಲ ಎಂದು ಊರಿಗೆ ಕಂಡಿತು.

ಕಾನೂನು ಏನು ಕೇಳುತ್ತದೆ ನೋಡಿ. ವರದಕ್ಷಿಣೆ ಸಾವಿನ ಕಲಂ 1986ರಲ್ಲಿ ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 80ನೇ ಕಲಂ. ಹಳೆಯ 498ಎ ಈಗ 85 ಮತ್ತು 86. ಅಂಕಿ ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ. ಮದುವೆಯಾಗಿ ಏಳು ವರ್ಷದೊಳಗೆ ಅಸಹಜ ಸಾವು ಆಗಿದ್ದರೆ, ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆ ಇತ್ತೇ ಎಂದು ನ್ಯಾಯಾಲಯ ಕೇಳುತ್ತದೆ. ‘ಸ್ವಲ್ಪ ಮೊದಲು’ ಎಂಬ ಈ ಎರಡು ಶಬ್ದದಲ್ಲಿ ಎಷ್ಟೋ ಮೊಕದ್ದಮೆ ಮುಳುಗಿಹೋಗುತ್ತವೆ. ತವರಿನವರು ‘ಯಾವಾಗಲೂ ಕಾಡ್ತಿದ್ರು ಸ್ವಾಮಿ’ ಎನ್ನುತ್ತಾರೆ. ಯಾವಾಗ, ಯಾವ ತಾರೀಖು, ಯಾರ ಮುಂದೆ, ಎಷ್ಟು ಹಣ ಎಂದು ವಕೀಲರು ಕೇಳಿದರೆ ತಡವರಿಸುತ್ತಾರೆ. ಆಗ ನಿಮ್ಮ ಪುಸ್ತಕದಲ್ಲಿ ತಾರೀಖು ಹಾಕಿ, ಆಕೆಯ ಮಾತಿನಲ್ಲೇ ಬರೆದು, ಆಕೆಯ ಸಹಿಯೋ ಹೆಬ್ಬೆಟ್ಟೋ ಇರುವ ಒಂದು ಪುಟವಿದ್ದರೆ ಅದು ಬಾಯಿಮಾತಿಗಿಂತ ಬೇರೆಯೇ. ಅದರ ಜೊತೆಗೆ, ಆ ಪುಟವಿದ್ದರೆ ಆಕೆ ಸಾಯುವ ಮೊದಲೇ ಠಾಣೆಗೆ ಹೋಗಲು ನಮಗೂ ಧೈರ್ಯ.

ಮದುವೆಯಲ್ಲಿ ಕೊಟ್ಟ ವಸ್ತುಗಳ ಪಟ್ಟಿ ಬರೆದಿಡಬೇಕೆಂದು 1985ರ ನಿಯಮವೇ ಇದೆ. ನಿಮ್ಮ ಸಂಘದಲ್ಲಿ ಎಷ್ಟು ಮದುವೆಗೆ ಆ ಪಟ್ಟಿ ಬರೆದಿದ್ದೀರಿ? ಕೈ ಎತ್ತಿ. ಹೌದು, ನಾನು ಹೋದ ಕಡೆಯೆಲ್ಲ ಇಷ್ಟೇ ಕೈ ಏಳುತ್ತವೆ.

ಇನ್ನೊಂದು ದಾರಿ ಬಹಳ ಸಂಸ್ಥೆಗಳಿಗೆ ತಿಳಿದಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 10ನೇ ಕಲಂ ಪ್ರಕಾರ ನೋಂದಾಯಿತ ಸ್ವಯಂಸೇವಾ ಸಂಸ್ಥೆಯೊಂದು ‘ಸೇವೆ ಒದಗಿಸುವ ಸಂಸ್ಥೆ’ ಎಂದು ಸರ್ಕಾರದಲ್ಲಿ ಹೆಸರು ದಾಖಲಿಸಿಕೊಳ್ಳಬಹುದು. ಹಾಗೆ ದಾಖಲಾದರೆ ಹೆಣ್ಣು ಬಯಸಿದಾಗ ಕೌಟುಂಬಿಕ ಘಟನಾ ವರದಿಯನ್ನು ನೀವೇ ಬರೆದು ಮ್ಯಾಜಿಸ್ಟ್ರೇಟರಿಗೂ ಸಂರಕ್ಷಣಾಧಿಕಾರಿಗೂ ಕಳಿಸಬಹುದು, ವೈದ್ಯಕೀಯ ಪರೀಕ್ಷೆ ಮಾಡಿಸಬಹುದು, ಆಶ್ರಯಕ್ಕೆ ಸೇರಿಸಬಹುದು. ಸದುದ್ದೇಶದಿಂದ ಮಾಡಿದ ಈ ಕೆಲಸಕ್ಕಾಗಿ ನಿಮ್ಮ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆಯೂ ಆ ಕಲಮಿನಲ್ಲೇ ಇದೆ. ಗಂಡನ ಕಡೆಯವರು ‘ನೀವ್ಯಾರು ನಮ್ಮ ಮನೆ ವಿಷಯಕ್ಕೆ’ ಎಂದಾಗ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಬೇಡ. ಆದರೆ ಅರ್ಜಿ ಹಾಕುವ ಮೊದಲು ಮೂರು ವರ್ಷ ಈ ಕೆಲಸ ಮಾಡಿರಬೇಕು ಎಂದು ನಿಯಮ. ಮಾಡಿದ್ದೀರಿ ಎನ್ನಲು ಪುರಾವೆ? ಮತ್ತೆ ಪುಸ್ತಕವೇ.

ಬರೆಯುವಾಗ ಒಂದು ಎಚ್ಚರ. ಆ ಪುಸ್ತಕ ಬೀಗದೊಳಗಿರಬೇಕು. ಒಂದು ಕಡೆ ಉಳಿತಾಯದ ಪುಸ್ತಕಗಳ ಜೊತೆ ಅದನ್ನೂ ಕಿಟಕಿಯ ಮೇಲೆ ಇಟ್ಟಿದ್ದರು. ಸಾಲದ ಕಂತು ಕಟ್ಟಲು ಬಂದ ಒಬ್ಬಳ ಗಂಡ ತಿರುವಿ ನೋಡುತ್ತಿದ್ದ. ಹಾಗೆಯೇ ರಾಜಿಪತ್ರ ಬರೆಯುವಾಗ ‘ಇನ್ನು ಮುಂದೆ ಇಬ್ಬರೂ ಹೊಂದಿಕೊಂಡು ಹೋಗತಕ್ಕದ್ದು’ ಎಂದು ಬರೆದು ಮುಗಿಸಬೇಡಿ. ಹೊಡೆದವನು ಹೊಡೆದೆ ಎಂದು ಒಪ್ಪಿದ ಮಾತು ಅದರಲ್ಲಿ ಇರಲಿ. ಇಬ್ಬರೂ ಹೊಂದಿಕೊಳ್ಳಬೇಕು ಎಂದರೆ ತಪ್ಪೂ ಇಬ್ಬರದು ಎಂದಾಯಿತು.

ಹಣದ ಪುಸ್ತಕದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತು. 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಕಾರ್ಯಕಾರಿ ಸಮಿತಿಯ ಪಟ್ಟಿ ನೋಂದಣಾಧಿಕಾರಿಗೆ ಹೋಗಬೇಕು. ಆದಾಯ ತೆರಿಗೆಯ ನೋಂದಣಿ ಈಗ ಒಮ್ಮೆ ಮಾಡಿಸಿದರೆ ಮುಗಿಯಿತು ಎನ್ನುವಂತಿಲ್ಲ, ಕಾಲಕಾಲಕ್ಕೆ ನವೀಕರಿಸಬೇಕು. ಒಂದು ಮಾತು ಮಾತ್ರ ನೆನಪಿಡಿ: ಹೊಡೆದವನ ಪರ ಬರುವವರು ಹೆಣ್ಣಿನ ನಡತೆಯ ಮೇಲೆ ಮೊದಲ ಕಲ್ಲು ಎಸೆಯುತ್ತಾರೆ, ಎರಡನೆಯ ಕಲ್ಲು ನಿಮ್ಮ ಲೆಕ್ಕದ ಮೇಲೆ. ನಾನು ಹೇಳಿದ ಸಂಸ್ಥೆಯ ಮೇಲೂ ಪ್ರಭಾವಿ ಮನೆಯವರೊಬ್ಬರು ‘ಸರ್ಕಾರದ ರೊಕ್ಕ ತಿಂತಾರ’ ಎಂದು ಊರೆಲ್ಲ ಸುದ್ದಿ ಎಬ್ಬಿಸಿದರು. ಕಾರ್ಯದರ್ಶಿ ಜಗಳಕ್ಕೆ ಹೋಗಲಿಲ್ಲ. ತಿಂಗಳ ಜಮಾ ಖರ್ಚನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹೊರಗೆ ಅಂಟಿಸಿದಳು. ಇಂದಿಗೂ ಅಂಟಿಸುತ್ತಾಳೆ. ಸಂತೆಗೆ ಬಂದ ಗಂಡಸರು ನಿಂತು ಓದುತ್ತಾರೆ.

ಇನ್ನು ‘ಅಕ್ಕ’ನ ವಿಷಯ. ಪ್ರತಿ ಸಂಸ್ಥೆಗೂ ಒಬ್ಬ ಅಕ್ಕ ಇರುತ್ತಾರೆ. ಎಲ್ಲವೂ ಅವರ ತಲೆಯಲ್ಲಿ, ಎಲ್ಲ ಸಹಿಯೂ ಅವರದೇ, ಪೊಲೀಸರಿಗೆ ಗೊತ್ತಿರುವ ಫೋನ್ ನಂಬರೂ ಅವರದೇ. ಅವರ ತ್ಯಾಗಕ್ಕೆ ಕೈ ಮುಗಿಯುತ್ತೇನೆ. ಆದರೆ ಅವರಿಗೆ ಜ್ವರ ಬಂದ ವಾರ ಏನಾಗುತ್ತದೆ? ಇಲ್ಲಿ ಅಂಥ ಅಕ್ಕಂದಿರು ನಾಲ್ಕೈದು ಜನ ಕೂತಿದ್ದೀರಿ, ನಗುತ್ತಿದ್ದೀರಿ. ಮುಂದಿನ ತಿಂಗಳು ಒಂದು ಸಂತೆಯ ದಿನ ಬೇಕೆಂದೇ ರಜೆ ಹಾಕಿ ಮನೆಯಲ್ಲಿ ಕೂತು ನೋಡಿ. ಏನು ಕೆಟ್ಟಿತು ಎಂದು ಮರುದಿನ ಕೇಳಿ ಬರೆದುಕೊಳ್ಳಿ. ಹೊರಗಿನಿಂದ ಸಲಹೆಗಾರರನ್ನು ಕರೆಸುವುದಕ್ಕಿಂತ ಇದು ಅಗ್ಗ.

ಹಾಗಾದರೆ ಹೊರಗಿನವರು ಬೇಡವೇ? ಬೇಕು. ಆಡಿಟರು ಬೇಕು, ವಕೀಲರು ಬೇಕು, ನೋಂದಣಿ, ನವೀಕರಣ, ಅರ್ಜಿ ಬರೆಯುವುದು ಗೊತ್ತಿರುವವರು ಬೇಕು. ಒಳಗಿದ್ದವರಿಗೆ ಕಾಣದ್ದು ಹೊರಗಿನವರಿಗೆ ಕಾಣುವುದೂ ಉಂಟು. ಆದರೆ ಕರೆಯುವ ಮೊದಲು ಅವರನ್ನು ನೀವೇ ಸಂದರ್ಶನ ಮಾಡಿ. ವರದಿ ಯಾವ ಭಾಷೆಯಲ್ಲಿ ಬರೆಯುತ್ತೀರಿ ಎಂದು ಕೇಳಿ. ನಮ್ಮ ಸಭೆಯಲ್ಲಿ ಓದಿ ಹೇಳದೆ ಹಣ ಕೊಡುವವರಿಗೆ ಕಳಿಸುತ್ತೀರಾ ಎಂದು ಕೇಳಿ. ನೀವು ಹೋದ ಮೇಲೆ ಈ ಪುಸ್ತಕ ಯಾರು ಬರೆಯುತ್ತಾರೆ, ಆಕೆಗೆ ಕಲಿಸಿ ಹೋಗುತ್ತೀರಾ ಎಂದು ಕೇಳಿ. ಪ್ರತಿ ವರ್ಷ ನೀವೇ ಬರಬೇಕಾಗುವಂಥ ಲೆಕ್ಕದ ಪದ್ಧತಿ ಹಾಕಿಕೊಟ್ಟರೆ ಬೇಡ ಎನ್ನಿ, ಅದು ಅವರ ಅನ್ನಕ್ಕೆ ದಾರಿ, ನಿಮ್ಮ ಬಲಕ್ಕಲ್ಲ. ಮತ್ತೆ, ಯೋಜನೆಯ ಮಾತು ಎತ್ತುವ ಮೊದಲು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ನಿಮ್ಮ ಕೋಣೆಯ ಮೂಲೆಯಲ್ಲಿ ಅವರನ್ನು ಸುಮ್ಮನೆ ಕೂರಿಸಿ. ಬಂದ ಹೆಣ್ಣು ಒಪ್ಪಿದರೆ ಮಾತ್ರ, ಒಪ್ಪದಿದ್ದರೆ ಹೊರಗಿನ ಕಟ್ಟೆಯ ಮೇಲೆ.

ನಾನು ಈಗ ಹಾಗೆಯೇ ಮಾಡುತ್ತೇನೆ. ಕಳೆದ ತಿಂಗಳು ಅದೇ ಊರಿಗೆ ಹೋಗಿದ್ದೆ, ಗುರುವಾರ. ಹೊಲಿಗೆ ಯೋಜನೆ ಮುಗಿದು ವರ್ಷಗಳಾಗಿವೆ, ಕೋಣೆ ಇದೆ. ಒಬ್ಬಳಿಗೆ ಗೌರವಧನ ಸಿಗುತ್ತಿದೆ, ಇನ್ನೊಬ್ಬಳದು ಆರು ತಿಂಗಳಿಂದ ಬಾಕಿ. ಅದು ಇನ್ನೂ ಬಗೆಹರಿದಿಲ್ಲ, ಬಗೆಹರಿದಿದೆ ಎಂದು ಸುಳ್ಳು ಹೇಳಲಾರೆ. ಮಧ್ಯಾಹ್ನದೊಳಗೆ ನಾಲ್ವರು ಬಂದರು. ಐದನೆಯವಳು ಬಾಗಿಲಲ್ಲಿ ನಿಂತು, ಹೊರಗೆ ಕೂತ ನನ್ನನ್ನು ನೋಡಿ, “ತಗದೈತೇನ್ರಿ?” ಎಂದಳು. ತೆಗೆದಿದೆ ಬಾರಮ್ಮ ಎಂದು ಕಟ್ಟೆಯಿಂದ ಎದ್ದು ಜಾಗ ಬಿಟ್ಟೆ. ಆಕೆಯ ಕೈಯಲ್ಲಿ ಖಾಲಿ ಚೀಲವಿತ್ತು.

ಊಟಕ್ಕೆ ಇನ್ನೂ ಒಂದು ಗಂಟೆ ಇದೆ. ನೀವು ತಂದ ಪುಸ್ತಕಗಳನ್ನು ಹೊರಗೆ ತೆಗೆಯಿರಿ. ಹಣದ ಪುಸ್ತಕ ಮಧ್ಯಾಹ್ನ ನೋಡೋಣ, ಮೊದಲು ಪ್ರಕರಣಗಳ ಪುಸ್ತಕ. ತರದವರು ಹಿಂದಿನ ಸಾಲಿನಲ್ಲಿ ಒಟ್ಟಿಗೆ ಕೂರಿ, ನಿಮಗೆ ಖಾಲಿ ಪುಸ್ತಕ ತಂದಿದ್ದೇನೆ, ಒಂದಕ್ಕೆ ನಲವತ್ತು ರೂಪಾಯಿ.